ಅಡ್ಡ

ನಮೂನೆಯ ಒಂಬತ್ತನೆಯ ಕಲಂ ಇನ್ನೂ ಖಾಲಿ:
ಪರಿಹಾರ ಒಪ್ಪದಿರಲು ಕಾರಣ. ಒಂದೇ ಪದದಲ್ಲಿ.

ಫ್ಯೋರ್ಡಿನ ಅಡಿಯಲ್ಲಿ ಸುರಂಗ ತೆರೆದು ಏಳು ತಿಂಗಳು.
ಕಾರಿನಲ್ಲಿ ನಾಲ್ಕು ನಿಮಿಷ.
ಐಲರ್ಟ್ ಸ್ಟೊಕ್ಕೆಯ ದೋಣಿಯಲ್ಲಿ ಇಪ್ಪತ್ತೆರಡು,
ಎದುರುಗಾಳಿಯಿದ್ದರೆ ಕೇಳಲೇಬೇಡಿ.
ಆದರೂ ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕಕ್ಕೆ
ಹಗ್ಗ ಬಿಚ್ಚುತ್ತಾನೆ.

‘ಸಂಪ್ರದಾಯಸ್ಥ’ ಅಂತ ಬರಿ, ಅಂದರು ಪಾದ್ರಿ, ಮೆಲ್ಲಗೆ.
ಆ ಪದಕ್ಕೆ ಹಿಂದೆ ಒಂದು ಸಾಲು ಜನ ಬೇಕು,
ಮುಂದೆ ಒಂದಾದರೂ ಮೇಣದಬತ್ತಿ.
ಇವನೋ, ಅಪ್ಪ ಸತ್ತ ವಾರವೇ ಹುಟ್ಟುಗಳನ್ನು ಒಲೆಗಿಟ್ಟು
ಡೀಸೆಲ್ ಎಂಜಿನ್ ತಂದು ಊರ ನಿದ್ದೆ ಕೆಡಿಸಿದವನು.
ಆಗ ಇದೇ ಊರು ಅವನನ್ನು ತಲೆತಿರುಕ ಅಂದಿತ್ತು.

‘ಹಠಮಾರಿ’, ಇಂಜಿನಿಯರ್ ಬ್ರೆಕ್ಕೆಯ ಸಲಹೆ.
ಹಠಕ್ಕೆ ಎದುರಿಗೊಬ್ಬರು ಬೇಕು;
ಅಂಗಡಿ ಮುಂದೆ ಉರುಳಾಡುವ ಮಗುವಿಗೂ ತಾಯಿ ಬೇಕು.
ಐಲರ್ಟ್ ಸುರಂಗದ ಉದ್ಘಾಟನೆಗೆ ಬಂದಿದ್ದ,
ಎರಡು ತುಂಡು ಕೇಕ್ ತಿಂದ, ಚೆನ್ನಾಗಿದೆ ಅಂದ.

‘ಜಡ’, ಎಂದಳು ಬ್ಯಾಂಕಿನ ಹುಡುಗಿ.
ದಿನಕ್ಕೆರಡು ಸಲ ನೀರು ದಾಟುವವನನ್ನು
ಕುರ್ಚಿಯಿಂದ ಏಳದ ನಾನು ಹಾಗೆ ಬರೆಯಲೇ?

ಮೊಂಡ? ಅದು ಚಾಕುವಿನ ಕಡೆಯಿಂದ ಬಂದ ಪದ,
ಮೊಂಡಾದದ್ದನ್ನು ಮಸೆಯಬಹುದು.
ಇವನು ಮಸೆಗಲ್ಲಿಗೇ ಕಾಫಿ ಕೊಟ್ಟು ಕಳಿಸುವವನು.

ಕೊನೆಗೆ ಅವನ ಅಕ್ಕ ಯೋರುನ್.
ಆಲೂಗಡ್ಡೆ ಸುಲಿಯುತ್ತ, ತಲೆಯೆತ್ತದೆ:
‘ಅವನು ಅಡ್ಡ. ಹುಟ್ಟುವಾಗಲೇ ಹೊಟ್ಟೆಯಲ್ಲಿ ಅಡ್ಡ ಮಲಗಿದ್ದ.
ಸೂಲಗಿತ್ತಿ ಒಂದು ರಾತ್ರಿಯೆಲ್ಲ ತಿರುಗಿಸಿದಳು.’

ಅಡ್ಡ.
ಅಡ್ಡಿ ಅದರ ಮಗಳು, ಅಡ್ಡಗಾಲು ಅಳಿಯ,
ಮನೆತನಕ್ಕೆ ಒಳ್ಳೆಯ ಹೆಸರಿಲ್ಲ.
ಆದರೆ ನೀರು ಉದ್ದಕ್ಕೆ ಹೋಗುವಲ್ಲಿ
ಈ ದಡದವರು ಆ ದಡಕ್ಕೆ ಹೋಗುವುದೂ
ಅಡ್ಡವೇ.
ಸುರಂಗವೂ ಅಡ್ಡವೇ, ಅದನ್ನು ಯಾರೂ ಬೈಯುವುದಿಲ್ಲ.

ಬರೆದೆ. ಅಳಿಸಿದೆ. ಮೇಲಧಿಕಾರಿಗೆ ಒಂದೇ ಅರ್ಥ ಕಾಣುತ್ತದೆ,
ಯಾವುದೆಂದು ನನಗೆ ಗೊತ್ತು.

ಸೋಮವಾರ ನಮೂನೆ ಹಿಡಿದು ದೋಣಿ ಹತ್ತಿದೆ.
ನಾನೊಬ್ಬಳೇ.
ನಡುನೀರಿನಲ್ಲಿ ಎಂಜಿನ್ ಆರಿಸಿ, ‘ಕೇಳು’ ಅಂದ.
ನಮ್ಮ ಕಾಲಡಿ, ನೂರು ಮಾರು ಕೆಳಗೆ, ಬಂಡೆಯೊಳಗೆ
ಊರಿಗೆ ಊರೇ ಕೆಲಸಕ್ಕೆ ಓಡುತ್ತಿತ್ತು.
ಏನೂ ಕೇಳಿಸಲಿಲ್ಲ.
‘ನನಗೂ ಕೇಳಿಸೋದಿಲ್ಲ’ ಅಂದ, ‘ದಿನಾ ನೋಡ್ತೀನಿ.’

ದಡದಲ್ಲಿ ನನ್ನ ಬಳಿ ಚಿಲ್ಲರೆ ಇರಲಿಲ್ಲ.
ನಮೂನೆ ಕಂಕುಳಲ್ಲಿ ಹಾಗೇ ಒದ್ದೆಯಾಗಿತ್ತು.
‘ಬರುವಾಗ ಕೊಡು’ ಅಂದ,
ನಾನು ಬಸ್ಸಿನಲ್ಲಿ ಮರಳಬಹುದೆಂದು
ಅವನಿಗೆ ಹೊಳೆದೇ ಇರಲಿಲ್ಲವೇನೋ.