ಹುದುಗು

ಪೆನ್ಷನ್ ಮೊಹಲ್ಲದ ತಿರುವಿನಲ್ಲಿ ನನ್ನ ಬೇಕರಿ.
ರಾತ್ರಿ ಎರಡೂವರೆಗೆ ಎದ್ದು ಮೈದಾ ಹಿಟ್ಟಿಗೆ
ಉಗುರುಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ, ಈಸ್ಟು.
ಒದ್ದೆ ಬಟ್ಟೆ ಹೊದಿಸಿ ಕಾಯುವುದು.
ಮೂವತ್ತೊಂದು ವರ್ಷ ನಿಂತೇ ಕಾದೆ.
ಮಂಡಿ ಸವೆದದ್ದು ಹಾಗೆ.

ಹೋದ ವರ್ಷ ಶ್ರಾವಣದಲ್ಲಿ ಬಲಗಾಲಿಗೆ ಹೊಸ ಕೀಲು:
ಮೇಲೆ ಲೋಹ, ಕೆಳಗೆ ಲೋಹ,
ನಡುವೆ ಬಿಳಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ.
ದೀಪಾವಳಿಗೆ ನಡೆದೆ. ಸಂಕ್ರಾಂತಿಗೆ ಮೆಟ್ಟಿಲು ಹತ್ತಿದೆ.
ಯುಗಾದಿ ಕಳೆದ ಮೇಲೆ ಒಂದು ಊತ.
ಜ್ವರವಿಲ್ಲ, ಕೆಂಪಿಲ್ಲ,
ನೋವೂ ಅಂಥದ್ದೇನಲ್ಲ,
ಸಾಲ ಕೇಳಲು ಬಂದ ನೆಂಟ
ಕಾಫಿ ಮುಗಿದರೂ ಏಳದೆ ಕೂತ ಹಾಗೆ.

ಸೂಜಿ ಚುಚ್ಚಿ ನೀರು ತೆಗೆದರು.
ಮೂರು ದಿನ. ಐದು ದಿನ. ಏನೂ ಬೆಳೆಯಲಿಲ್ಲ.
ಒಂಬತ್ತನೆಯ ದಿನ ಲ್ಯಾಬಿನ ತಸ್ಮಿಯಾ ಕರೆದು ತೋರಿಸಿದಳು:
ತಟ್ಟೆಯ ಮೇಲೆ ಕೆನೆಬಣ್ಣದ ಚುಕ್ಕಿಗಳು, ನಯ, ಉಬ್ಬು.
ಅವಳು ಮುಚ್ಚಳ ಮುಚ್ಚುವಷ್ಟರಲ್ಲಿ
ಮೂಗಿಗೆ ಬಂದೇಬಿಟ್ಟಿತ್ತು
ಎರಡೂವರೆ ಗಂಟೆಯ ನನ್ನ ಹಿಟ್ಟಿನ ತೊಟ್ಟಿ.

"ಬ್ಯಾಕ್ಟೀರಿಯಾ ಅಲ್ಲ ಸೌರಿಯವರೇ, ಶಿಲೀಂಧ್ರ. ಈಸ್ಟಿನ ಜಾತಿ."
ನಾನು ನಕ್ಕೆ. ಡಾಕ್ಟರು ನಗಲಿಲ್ಲ.
"ನಿಮ್ಮ ಅಂಗಡಿಯದಲ್ಲ ಇದು, ಹೆದರಬೇಡಿ.
ಎಲ್ಲರ ಬಾಯಲ್ಲಿ, ಹೊಟ್ಟೆಯಲ್ಲಿ ಸುಮ್ಮನಿರುವಂಥದ್ದು.
ಲೋಹ ಸಿಕ್ಕರೆ ಲೋಳೆಯ ಕೌದಿ ಹೊದ್ದು ಮಲಗುತ್ತದೆ.
ಬರೀ ಮಾತ್ರೆಗೆ ಏಳುವುದಿಲ್ಲ.
ಕೀಲೇ ತೆಗೆಯಬೇಕು."

ಅಜ್ಜಿ ಎರಡಕ್ಕೂ ಒಂದೇ ಮಾತು ಬಳಸುತ್ತಿದ್ದಳು:
ಹಿಟ್ಟು ಹುದುಗು ಬಂತು.
ದುಡ್ಡು ಅಕ್ಕಿಯಲ್ಲಿ ಹುದುಗಿಸಿಟ್ಟೆ.

ಮಂಡಿಗೆ ಬೂಷ್ಟು ಹಿಡಿದಿದೆ ಎಂದರೆ
ಈ ಊರಲ್ಲಿ ಮೊದಲು ಆಲೂಗಡ್ಡೆ ದರ ಕೇಳುತ್ತಾರೆ.
ಅದು ನನ್ನ ಮಂಡಿ ಎಂದು ತಿಳಿದ ಮೇಲೆ
ಸುದ್ದಿ ಸಾಲಗಾಮೆ ರಸ್ತೆ ದಾಟುವಷ್ಟರಲ್ಲಿ
ಬನ್ನಿನಲ್ಲೇ ಕೀವಂತೆ, ಎಂದಾಗಿತ್ತು.
ಎರಡು ವಾರ ಖಾರದ ಬನ್ನು ಹಾಗೇ ಉಳಿದವು.
ಎದುರುಮನೆಯ ನಾಯಿ ದಪ್ಪಗಾಯಿತು.

ಕೀಲು ತೆಗೆದರು. ಕೆರೆದರು, ತೊಳೆದರು,
ಮತ್ತೆ ತೊಳೆದರು.
ಖಾಲಿ ಜಾಗಕ್ಕೆ ಸಿಮೆಂಟಿನ ಅಚ್ಚು,
ಅದರೊಳಗೆ ಮದ್ದಿನ ಪುಡಿ.
ಸೆಟ್ಟಾಗುವ ಮೊದಲು ಬೇಗ ಬೇಗ ಕಲಸಿದೆವು
ಎಂದಳು ಥಿಯೇಟರಿನ ನರ್ಸು.
ನಾದುವವನಿಗೆ ಗೊತ್ತು ಆ ಅವಸರ.
ಆದರೆ ಉಬ್ಬದಿರಲಿ ಎಂದು ಹಿಟ್ಟು ಕಲಸಿದ್ದು
ನಾನು ಎಲ್ಲೂ ಕೇಳಿರಲಿಲ್ಲ.

ಆಮೇಲೆ ಡ್ರಿಪ್ಪು. ಹನಿ ಇಳಿದ ಅರ್ಧ ಗಂಟೆಗೆ
ಹಲ್ಲು ಕಟಕಟ, ಮೂರು ಕಂಬಳಿ ಸಾಲದು.
ಆಮೇಲೆ ಮಾತ್ರೆ, ದಿನಾ, ತಿಂಗಳುಗಟ್ಟಲೆ.
ವಾರಕ್ಕೊಮ್ಮೆ ರಕ್ತ: ಮೂತ್ರಪಿಂಡ ಹೇಗಿದೆ, ಪಿತ್ತಕೋಶ ಹೇಗಿದೆ.
ಎರಡನೆಯ ಓವನ್ನು ಅರಸೀಕೆರೆಯವರಿಗೆ ಕೊಟ್ಟೆ.
ಚಾಚಿದ ಕಾಲು ಚಾಚಿದಂತೆಯೇ ಸ್ಟೂಲಿನ ಮೇಲಿಟ್ಟು
ಗಲ್ಲಾದಲ್ಲಿ ಕೂತೆ.
ಬಂದವರು ಮೊದಲು ಕಾಲು ನೋಡುತ್ತಾರೆ,
ಆಮೇಲೆ ಗಾಜಿನೊಳಗೆ.
ಬೋರೇಶ ಹಿಟ್ಟಿಗೆ ಕೈ ಹಾಕಲು ಬಿಡುವುದಿಲ್ಲ.
"ನಿಮಗೇ ಒಳ್ಳೆಯದು ಸ್ವಾಮಿ" ಅನ್ನುತ್ತಾನೆ,
ಕಣ್ಣು ತಪ್ಪಿಸಿ.

ಈಗ ಮತ್ತೆ ಸೂಜಿ, ಮತ್ತೆ ತಟ್ಟೆ.
ಹದಿನಾಲ್ಕು ದಿನ ಬರಿದಾಗಿ ಉಳಿದರೆ ಹೊಸ ಕೀಲು.
ಉಳಿಯದಿದ್ದರೆ?
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

ಜೀವಮಾನವೆಲ್ಲ ಏಳಲಿ ಎಂದು ಕಾದವನು
ಏಳದಿರಲಿ ಎಂದು ಕಾಯುವುದನ್ನು
ಐವತ್ತೆಂಟಕ್ಕೆ ಕಲಿಯುತ್ತಿದ್ದೇನೆ. ಕೈ ಬರುವುದಿಲ್ಲ.

ಇವತ್ತು ಹನ್ನೊಂದನೆಯ ದಿನ.
ಮೂರು ಗಂಟೆ ಇರಬಹುದು. ಬೋರೇಶ ಗೋಡೆಗೊರಗಿ ನಿದ್ದೆ.
ವಾಕರು ಊರಿಕೊಂಡು ತೊಟ್ಟಿಯ ತನಕ ಹೋದೆ,
ಸೋಪು ಹಚ್ಚಿ ಎರಡು ಸಲ ಕೈ ತೊಳೆದೆ,
ಬಟ್ಟೆ ಸರಿಸಿ
ಒಂದು ಬೆರಳು ಒತ್ತಿದೆ.

ನರ್ಸು ನನ್ನ ಕಣಕಾಲನ್ನು ಹೀಗೇ ಒತ್ತಿ
ಗುಳಿ ತುಂಬುವುದನ್ನು ನೋಡುತ್ತಾಳೆ.

ಗುಳಿ ಮೆಲ್ಲಗೆ
ತುಂಬಿಕೊಂಡಿತು.