ಏಳು ಊರಿನ ಲೆಕ್ಕ

ಅಮ್ಮಾ, ನಾಳೆ ಹೊತ್ತೇರೂದ್ರಾಗ ನನಗ ಹೊಸ ಹೆಸರು.
ಇವತ್ತಿನ ಮಟ್ಟ ನಾ ಅಕ್ಕಾತಾಯಿ ಮಗದುಮ್,
ಕುರುಂದವಾಡದಾಕಿ, ಮೂವತ್ತೆಂಟರ ವಿಧವಿ,
ಗಂಡ ಬಿಟ್ಟು ಹೋದ ನಾಕು ಲೂಮಿನ ಮಾಲಕಿ.
ದೀಕ್ಷಾಕ್ಕ ಮೊದಲ ಆಲೋಚನಾ ಹೇಳಬೇಕಂದ್ರಿ.
ಹೇಳತೀನಿ. ಸಣ್ಣ ಪಾಪದಿಂದ ಶುರು ಮಾಡಾಕ ನನಗ ಬರೂದಿಲ್ಲ.

ದಸ್ತಗೀರ ನಮ್ಮ ಲೂಮಿನ ಫಿಟ್ಟರ್.
ಇಚಲಕರಂಜಿಯಿಂದ ಸೈಕಲ್ ಮ್ಯಾಲೆ ಬರತಿದ್ದ,
ಪಾನಾ ಸೊಂಟಕ್ಕ ಸಿಗಿಸಿಕೊಂಡು.
ನಮ್ಮ ನಡುವ ಒಂದು ಗೆರಿ ಇತ್ತು. ಊರು ಹೇಳೂ ಗೆರಿ ಅಲ್ಲ,
ಹೊತ್ತು ಮುಳುಗೂ ಗೆರಿ.
ಅದರ ಈಚಿ ಕಡೆ ನಾ ಉಂಡು, ಬಾಯಿ ಮುಕ್ಕಳಿಸಿ,
ಬೆಳಗಿನ ತನಕ ಕೀಲಿ.
ಆಚಿ ಕಡೆ, ರಂಜಾನದಾಗ, ಅವನ ಊಟ.
ಬಾಂಗು ಕೇಳಿತಂದ್ರ
ಅವಗ ತುಟಿ ತೆರೆಯೂ ಹೊತ್ತು, ನನಗ ಮುಚ್ಚೂ ಹೊತ್ತು.
ಇಬ್ಬರನೂ ಹಸಿವಿನಾಗ ಇಟ್ಟ ಸೂರ್ಯ ಒಬ್ಬನ.

ಇಪ್ಪತ್ತೇಳನೇ ರೋಜಾದ ದಿನ ಬೆಲ್ಟ್ ಹರೀತು.
ರಿಪೇರಿ ಮುಗಿಯೂದ್ರಾಗ ಕತ್ತಲಿ.
ಹಾಳಿಯೊಳಗ ಎರಡು ಖಜೂರ, ಗೇಣುದ್ದ ಶೀಶೆದಾಗ ಜೇನು.
ಬೆರಳು ಅದ್ದಿದ. ತಾ ತಿನ್ನಲಿಲ್ಲ.
ದಿನಾಪೂರ್ತಿ ನೀರು ಕಾಣದ, ಬಿರಿದ ತುಟಿ ಅವಂದು.
‘ನೀವು ತಿನ್ನಂಗಿಲ್ಲ, ಗೊತ್ತು’ ಅಂದ.
ಗೊತ್ತಿದ್ದವನ ಬೆರಳು ಹಿಂದ ಸರೀಲಿಲ್ಲ.
ನಾನ ಹಿಡದೆ ಆ ಕೈ.
ಇದನ್ನ ಸರಿಯಾಗಿ ಕೇಳ್ರಿ ಅಮ್ಮಾ: ನಾನ.

ಒಂದು ಹನಿ ಜೇನು ಏಳು ಊರು ಸುಟ್ಟ ಪಾಪ.
ಪಾಠಶಾಳಿಯೊಳಗ ಕಲಿಸಿದ್ದು ಹೌದಲ್ಲ?
ಹಾಕ್ರಿ ಹಂಗಾದ್ರ ಲೆಕ್ಕ.
ಮೊದಲ ಹನಿಗೆ ನಾಂದಣಿ, ಶಿರೋಳ, ಹೇರವಾಡ,
ತೇರವಾಡ, ಲಾಟ, ಅಕಿವಾಟ, ಟಾಕಳಿ.
ಎರಡನೇದು ಅವನ ತುಟಿ ಮ್ಯಾಲಿಂದು.
ಈಚಿ ದಂಡಿಯಾಗ ಊರು ಉಳದಿರಲಿಲ್ಲ,
ಕೃಷ್ಣಾ ದಾಟಿ ಸುಡಬೇಕಾತು.

ಲೂಮು ಬಂದ್ ಇತ್ತು. ಖಟಾಖಟ್ ನಿಂತಿರಲಿಲ್ಲ,
ನನ್ನ ಕಿವಿಯೊಳಗೋ ಅವನ ಎದಿಯೊಳಗೋ.
ಕುತ್ತಿಗಿ ಹಿಂದಿನ ಕೂದಲ ಸರಿಸಿದ,
ಹರಿದ ನೂಲು ಹುಡುಕೂಹಂಗ, ಎಳಿ ಎಳಿ, ಅವಸರಿಲ್ಲದ.
ಗ್ರೀಸ್ ಹತ್ತಿದ ಹೆಬ್ಬಟ್ಟು ಬೆನ್ನಗುಂಟ ಇಳದಿದ್ದು
ಮರುದಿನ ತಿಕ್ಕಿದರೂ ಹೋಗಲಿಲ್ಲ.
ಹೋಗಲಿ ಅಂತ ತಿಕ್ಕಿರಲಿಲ್ಲ.

ಬಸದಿ ಬಿಟ್ಟಿರಲಿಲ್ಲ, ಆಣಿ ಮಾಡಿ ಹೇಳತೀನಿ.
ಅಭಿಷೇಕದ ಹಾಲು ಕಲ್ಲಿನ ಭುಜದಿಂದ ಇಳಿಯೂದ ನೋಡಿ
ಕಣ್ಣು ಮುಚ್ಚತಿದ್ದೆ. ಹೆಂಗಸರು ಭಕ್ತಿ ಅಂದರು.
ಭಕ್ತೀನೂ ಹೌದು.
ಎರಡು ಹಸಿವಿಗೂ ಹೊಟ್ಟಿ ಒಂದ ಇದ್ದರ ನಾ ಏನ ಮಾಡಲಿ?

ಹನ್ನೊಂದು ತಿಂಗಳು.
ಕಡೀಕ ನಾನ ಕಳಿಸಿದೆ. ಅಂಜಿ ಅಲ್ಲ.
ಸ್ವಾಮಿ ಕರಿಯೂದು ರಾತ್ರಿ ಕೇಳಸ್ತಿತ್ತು,
ಅವನ ಉಸಿರಿನ ಸಪ್ಪಳದಾಗನೂ.
ಅವ ವಾದಾ ಮಾಡಲಿಲ್ಲ. ಯಾರೂ ಹೇರದ
ಅರವತ್ತು ರೋಜಾ ಹಿಡದನಂತ, ಸುಡೂ ವೈಶಾಖದಾಗ.
ಸಂಜಿಗೊಮ್ಮೆ ಬಾಂಗು ಕೇಳಿದಾಗ
ನಾ ತಾಟು ಸರಿಸಿ ಏಳತಿದ್ದೆ:
ಈಗ ನೀರು ಕುಡದಿರಬೇಕು.

ನಾಳೆ ಬೂದಿ ಹಚ್ಚಿ ಕೂದಲ ಕೀಳತೀರಿ, ನಿಮ್ಮ ಕೈಲೆ.
ಮುಂದಿಂದು ಸಲೀಸ ಬರತಾವ.
ಕುತ್ತಿಗಿ ಹಿಂದ ತಡದಾವ, ನಾ ಅಳೂದಿಲ್ಲ,
ನಿಮ್ಮ ಬೆರಳು ಅಲ್ಲಿ ಒಂದು ಗಳಿಗಿ ನಿಂತರ ನಿಲ್ಲಲಿ.
ಮಿಚ್ಛಾ ಮೇ ದುಕ್ಕಡಂ. ಎಲ್ಲಾದಕ್ಕೂ ಅಂದೆ.
ಜೇನಿಗೂ ಅಂದೆ; ನಾಲಿಗಿ ಒಪ್ಪಲಿಲ್ಲ, ಅದನ್ನೂ ಹೇಳೀನಿ.

ಪಿಂಛಿ ಯಾಕ ಕೆಳಗಿಟ್ರಿ, ಅಮ್ಮಾ?
ತುಟಿ ಯಾಕ ಒಣಗೇತಿ?
ಬಾಂಗು ಆತು, ಇನ್ನ ಬೆಳತನಕ ನಿಮಗ ಮೌನ.
ಉತ್ತರಾ ಬ್ಯಾಡ. ಸುಮ್ಮನ ಕೇಳತೀನಿ,
ಈ ಹೆಸರಿಗಿಂತ ಮೊದಲ
ನಿಮ್ಮ ಊರು ಯಾವುದಿತ್ತು?