ನಲವತ್ತಮೂರನೇ ಸಂಚಿಕೆ

ಅಲ್ಲ ಉಮೈರ್, ನೀನು ಎಂತ ಬೇಕಾದರೂ ಹೇಳು,
ಹಿಮಕಂಠನ ಚಿತ್ರ ಬರೆಯುವವ
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಒಂದು ರಾತ್ರಿಯೂ ನಿಂತವನಲ್ಲ.
ನಲವತ್ತರ ಕೊನೇ ಪುಟ ತೆಗೆ:
ಉಸಿರು ಊದಿದ, ಇಡೀ ಬಂದರು ಹೆಪ್ಪುಗಟ್ಟಿತು,
ಐಸೆಲ್ಲ ನೀಲಿ, ಶೋಕೇಸಿನ ಗಾಜಿನ ಹಾಗೆ.
ನಮ್ಮದಕ್ಕೆ ನಡುವಿನಲ್ಲಿ ಬಿಳಿ ಉಂಟು,
ಬೆಂದ ಮೀನಿನ ಕಣ್ಣಿನಷ್ಟು ಬಿಳಿ.
ಮೊದಲ ಪೆಟ್ಟಿಗೆ ಒಡೆಯುವುದಿಲ್ಲ,
ಒಳಗೆ ಒಂದು ಗೆರೆ ಓಡುತ್ತದೆ, ಕಿರ್ರ್ ಅಂತ,
ಆಮೇಲೆ ಯೋಚನೆ ಮಾಡಿ ಬೀಳುತ್ತದೆ.
ಮತ್ತೆ ಅವನ ಬೆರಳು! ಹತ್ತರಲ್ಲಿ ಒಂದಾದರೂ ಬಿರಿದದ್ದು ಉಂಟಾ?

ನಲವತ್ತೊಂದು ಒಳ್ಳೆದಿತ್ತು, ಒಪ್ಪಿದೆ.
ಮಿಂಚುಳ್ಳಿ ದೀಪಸ್ತಂಭದ ಮೇಲಿಂದ ಬೀಳುವ ಆ ಎರಡು ಪುಟ
ಓದುವಾಗ ನನ್ನ ಚಹಾದ ಮೇಲೆ ಕೆನೆ ಕಟ್ಟಿತು.

ನಲವತ್ತೆರಡರಲ್ಲಿ ಅವಳನ್ನು ಸಾಯಿಸಿದರು.
ಹೂಡೆಯಿಂದ ಫೋನು ಮಾಡಿ
ನೀನು ಒಂದು ನಿಮಿಷ ಮಾತೇ ಆಡಲಿಲ್ಲ.
ನಾನು ನಗಾಡಿದೆ:
ಇವರ ಸಾವೆಂದರೆ ಟ್ರಾಲಿಂಗ್ ರಜೆ, ಮಾರಾಯ,
ಜೂನಿನಲ್ಲಿ ಬೋಟು ಕಟ್ಟಿದವರು
ಆಗಸ್ಟಿಗೆ ಹಗ್ಗ ಬಿಚ್ಚಲೇಬೇಕು.
ನಲವತ್ತೈದರೊಳಗೆ ಅವಳು ಎದ್ದು ಬಾರದಿದ್ದರೆ
ನನ್ನ ಹಳೇ ಬಂಡಲು ಪೂರ್ತಿ ನಿನಗೆ.

ನಲವತ್ತಮೂರು ಮೊನ್ನೆ ಬಂತು.
ಉಡುಪಿ ಸರ್ವಿಸ್ ಸ್ಟ್ಯಾಂಡಿನ ಧನಂಜಯ ಕುಂದರ್
ಪಂಚಾಂಗದ ಅಡಿಯಲ್ಲಿ ಅಡಗಿಸಿ ಇಟ್ಟಿದ್ದರು.
ಒಂದು ಗುದ್ದು ಇಲ್ಲ, ಒಬ್ಬ ಖಳ ಇಲ್ಲ,
ಅರುವತ್ತು ರೂಪಾಯಿ ದಂಡ ಅಂತ ನೀನು ಬೈದೆ.
ಸರಿ. ಆದರೆ ಹದಿನೇಳನೇ ಪುಟ ನೋಡಿದೆಯಾ,
ನೋಡಿದೆಯಾ, ಇಲ್ಲ ತಿರುಗಿಸಿದೆಯಾ?

ಹಿಮಕಂಠ ಅಡುಗೆಮನೆಯಲ್ಲಿ ಎರಡು ಲೋಟ ನೀರು ಹೊಯ್ಯುತ್ತಾನೆ.
ಅವಳಿಗೆ ತಣ್ಣಗೇ ಆಗಬೇಕಿತ್ತಲ್ಲ,
ಅಭ್ಯಾಸಬಲ, ಎರಡಕ್ಕೂ ಊದುತ್ತಾನೆ.
ಮತ್ತೆ ನೆನಪಾಗುತ್ತದೆ.
ಉಸಿರು ಸ್ವಲ್ಪ ಜಾಸ್ತಿ ಆಗುತ್ತದೆ.
ಮಾತಿನ ಗುಳ್ಳೆ ಒಂದೂ ಇಲ್ಲ.
ಎರಡು ಲೋಟ, ಎರಡು ಗಟ್ಟಿ ಐಸು,
ಚಿತ್ರಗಾರ ಯಾರೋ ಹೊಸಬ ಇರಬೇಕು,
ನಡುವಿನಲ್ಲಿ ಬಿಳಿ ಹಾಕಿದ್ದಾನೆ ಉಮೈರ್.
ಸಣ್ಣ ಗೆರೆಯೂ ಉಂಟು.
ಇನ್ನೂ ಬಿದ್ದಿಲ್ಲ.

ರಾತ್ರಿ ಪಾಳಿಯಲ್ಲಿ ಮೂರು ಸಲ ಓದಿದೆ.
ಲಾರಿಯವ ಹಾರ್ನ್ ಹೊಡೆದು ಹೊಡೆದು ಬೈದ.
ಈಗ ನಲವತ್ತೈದು ಬರುವುದೇ ಬೇಡ ಅನಿಸುತ್ತದೆ,
ಅವಳು ಹೊಗೆಯ ನಡುವಿಂದ ಎದ್ದು ಬಂದು
ಆ ನೀರು ಕುಡಿದುಬಿಟ್ಟರೆ?

ಪಂಥ ನಾನೇ ಸೋಲುತ್ತೇನೆ, ಬಂಡಲು ಒಯ್ಯಿ.
ನಲವತ್ತಮೂರು ಮಾತ್ರ ಕೇಳಬೇಡ.
ಅದಕ್ಕೆ ಬಂಗುಡೆ ವಾಸನೆ ಹಿಡಿದಿದೆ,
ನಿನ್ನ ತಂಗಿ ಮನೆಯೊಳಗೆ ಬಿಡಲಿಕ್ಕಿಲ್ಲ.